ಚಿತ್ರಗ್ರಹಣವು ದರ್ಶನವಲ್ಲ

ಯಂತ್ರಗಳಿಗೆ ದೃಷ್ಟಿಯನ್ನು ಕೊಡುವ ವಿದ್ಯೆಯಲ್ಲಿ ಇಂದು ಪಂಡಿತರೂ ಪಾಮರರೂ ಒಕ್ಕೊರಲಿನಿಂದ ಒಪ್ಪಿಕೊಂಡಿರುವ ಒಂದು ಮತವುಂಟು. ರೋಬಾಟಿನ ತಲೆಯ ಮೇಲೆ ಒಂದು ಕ್ಯಾಮೆರಾವನ್ನು ಕೂರಿಸಿದರೆ ಅದಕ್ಕೆ ಕಣ್ಣು ಬಂದಂತಾಯಿತು. ಆ ಕ್ಯಾಮೆರಾ ಸೆಕೆಂಡಿಗೆ ಮೂವತ್ತರಂತೆಯೋ ಅರುವತ್ತರಂತೆಯೋ ಚಿತ್ರಗಳನ್ನು ತೆಗೆದು ಒಳಗಣ ಗಣಕಕ್ಕೆ ಒಪ್ಪಿಸುತ್ತಿದ್ದರೆ, ಲಕ್ಷಾಂತರ ಛಾಯಾಚಿತ್ರಗಳನ್ನು ಮೊದಲೇ ಅಭ್ಯಾಸಮಾಡಿಕೊಂಡಿರುವ ಆ ಗಣಕವು ಇದು ಮರ, ಇದು ಮನುಷ್ಯ, ಇದು ಬಾಗಿಲು ಎಂದು ಹೆಸರಿಡುತ್ತ ಹೋದರೆ, ನೋಟವೆಂಬ ಕಾರ್ಯವು ಸಾಂಗವಾಗಿ ಮುಗಿಯಿತು. ಎಲ್ಲಿಯಾದರೂ ಕೊರತೆ ಕಂಡುಬಂದರೆ ಪಿಕ್ಸೆಲುಗಳನ್ನು ಹೆಚ್ಚಿಸಬೇಕು, ಗಣಕದ ಬಲವನ್ನು ಹೆಚ್ಚಿಸಬೇಕು, ಇನ್ನಷ್ಟು ಚಿತ್ರಗಳನ್ನು ಉಣಿಸಬೇಕು. ಇದೇ ಆ ಮತದ ಸಾರ. ಪ್ರಾಣಿಗಳ ಕಣ್ಣು ಹೇಗೆ ಕೆಲಸಮಾಡುತ್ತದೆಂಬ ವಿಚಾರವು ಜೀವಶಾಸ್ತ್ರಜ್ಞರಿಗೆ ಮೀಸಲೆಂದೂ ಯಂತ್ರಶಿಲ್ಪಿಗೆ ಅದರ ಹಂಗಿಲ್ಲವೆಂದೂ ಆ ಮತದವರು ಧೈರ್ಯವಾಗಿ ಹೇಳುತ್ತಾರೆ. ಈ ಮತವು ಬುಡದಲ್ಲಿಯೇ ತಪ್ಪಿದೆಯೆಂಬುದು ನನ್ನ ಪಕ್ಷ. ನೋಟವೆಂದರೆ ಚಲಿಸುವ ದೇಹವೊಂದು ತನ್ನ ಅಳತೆಗಳನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತ ನಡೆಸುವ ಕ್ರಿಯೆ. ಆ ಕ್ರಿಯೆಯನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಚಿತ್ರಗಳ ಸರವನ್ನು ಇರಿಸಿದುದೇ ನಮ್ಮ ಯಂತ್ರಗಳ ಕುರುಡಿಗೆ ಮೂಲಕಾರಣ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸದೆ ಖಂಡಿಸಹೊರಡುವುದು ನ್ಯಾಯವಲ್ಲ. ೧೯೬೬ರ ಬೇಸಗೆಯಲ್ಲಿ ಅಮೆರಿಕೆಯ ಎಂಐಟಿಯ ಸೈಮೂರ್ ಪ್ಯಾಪರ್ಟರು ದೃಷ್ಟಿವ್ಯವಸ್ಥೆಯ ಬಹುಭಾಗವನ್ನು ಒಂದೇ ಬೇಸಗೆಯಲ್ಲಿ, ರಜೆಯ ಕೆಲಸಗಾರರ ನೆರವಿನಿಂದ, ಕಟ್ಟಿಬಿಡಬಹುದೆಂದು ಯೋಜನೆ ಹಾಕಿದರು. ಆ ಬೇಸಗೆಯೇನು, ಅದರ ಮುಂದಿನ ನಾಲ್ಕು ದಶಕಗಳೂ ಕೆಲಸ ಮುಗಿಯದೆಯೇ ಕಳೆದವು. ಅನಂತರ ೨೦೧೨ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದವರು ರಚಿಸಿದ ಅಲೆಕ್ಸ್‌ನೆಟ್ ಎಂಬ ಕೃತಕ ನರಜಾಲವು, ಸಾವಿರ ಬಗೆಯ ವಸ್ತುಗಳ ಸುಮಾರು ೧೨ ಲಕ್ಷ ಚಿತ್ರಗಳಿಂದ ಪಾಠ ಕಲಿತು, ಇಮೇಜ್‌ನೆಟ್ ಎಂಬ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಮಿಕ್ಕವರನ್ನೆಲ್ಲ ಬಹುದೂರ ಹಿಂದೆ ಹಾಕಿತು. ಅಂದಿನಿಂದ ಇಂದಿನವರೆಗೆ ಈ ಮಾರ್ಗದಲ್ಲಿ ನಡೆದಿರುವ ಪ್ರಗತಿ ಸಾಮಾನ್ಯವಾದುದಲ್ಲ. ಕಣ್ಣಿನ ರೋಗವನ್ನು ಚಿತ್ರದಿಂದ ಗುರುತಿಸುವುದು, ಬರೆಹವನ್ನು ಓದುವುದು, ಮುಖವನ್ನು ಪತ್ತೆಹಚ್ಚುವುದು ಮುಂತಾದ ಕಾರ್ಯಗಳಲ್ಲಿ ಅದು ಮನುಷ್ಯನಿಗೆ ಸಮನಾಗಿ, ಕೆಲವೆಡೆ ಅವನನ್ನು ಮೀರಿ ನಿಂತಿದೆ. ಇದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಇವೆಲ್ಲವೂ ಮೇಜಿನ ಮೇಲೆ ಇಟ್ಟ ಚಿತ್ರಕ್ಕೆ ಹೆಸರು ಹೇಳುವ ಕಾರ್ಯಗಳು. ಅಂಗಳದಿಂದ ಹೊಸಿಲು ದಾಟಿ ಒಳಗೆ ಬರುವ ಯಂತ್ರಕ್ಕೆ ಬೇಕಾದ ದೃಷ್ಟಿಯು ಬೇರೆ ಜಾತಿಯದು. ಚಿತ್ರಪರೀಕ್ಷೆಯಲ್ಲಿ ಪಡೆದ ಅಂಕಗಳನ್ನು ತೋರಿಸಿ ಆ ದೃಷ್ಟಿಯೂ ಕೈವಶವಾಯಿತೆಂದು ಸಾರುವುದನ್ನು ಮಾತ್ರ ಒಪ್ಪಲಾರೆ.

ಈ ಭ್ರಾಂತಿ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ನಮ್ಮ ನೈಯಾಯಿಕರು ಚಕ್ಷುರಿಂದ್ರಿಯವು ಪ್ರಾಪ್ಯಕಾರಿಯೆಂದು, ಅಂದರೆ ತನ್ನ ತೇಜಸ್ಸಿನೊಡನೆ ಹೊರಕ್ಕೆ ಹೊರಟು ವಸ್ತುವನ್ನು ಮುಟ್ಟಿಯೇ ಅರಿಯುವುದೆಂದು ವಾದಿಸಿದರು. ಬೌದ್ಧರು ಅದನ್ನು ಒಪ್ಪಲಿಲ್ಲ. ಗ್ರೀಕರಲ್ಲಿಯೂ ಇಂಥದೇ ಕಿರಣವಾದವಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್ ಹೈಥಮನು ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೇ ಹೊರತು ಕಣ್ಣಿನಿಂದ ವಸ್ತುವಿಗೆ ಹೋಗುವುದಿಲ್ಲವೆಂದು ಸ್ಥಾಪಿಸಿದನು. ಇದು ನಿರ್ವಿವಾದವಾದ ಸತ್ಯ. ಪೂರ್ವಿಕರ ಮೇಲಣ ಅಭಿಮಾನದಿಂದ ಇದನ್ನು ಮಸಕುಮಾಡುವ ಇಚ್ಛೆ ನನಗಿಲ್ಲ. ಮುಂದೆ ೧೬೦೪ರಲ್ಲಿ ಕೆಪ್ಲರನು ಕಣ್ಣಿನ ಮಸೂರವು ಅಕ್ಷಿಪಟಲದ ಮೇಲೆ ಹೊರಗಿನ ಜಗತ್ತಿನ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆಂದು ಗಣಿತದಿಂದ ತೋರಿಸಿದನು. ೧೬೩೭ರಲ್ಲಿ ಪ್ರಕಟವಾದ ತನ್ನ ದೃಗ್ವಿಜ್ಞಾನದಲ್ಲಿ ಡೆಕಾರ್ಟನು ಎತ್ತಿನ ಕಣ್ಣನ್ನು ಬಿಡಿಸಿ ಅದರ ಹಿಂಭಾಗದ ಪೊರೆಯನ್ನು ಕತ್ತರಿಸಿ ತೆಗೆದರೆ ಆ ಬಿಂಬವನ್ನು ಬರಿಗಣ್ಣಿನಿಂದ ನೋಡಬಹುದೆಂದು ವಿವರಿಸಿದನು. ಅಲ್ಲಿಂದ ಮುಂದೆ ಬಿಂಬವು ಅಂತರಂಗಕ್ಕೆ ಹೇಗೆ ಮುಟ್ಟುತ್ತದೆಂಬ ಪ್ರಶ್ನೆಯನ್ನು ಕೆಪ್ಲರನು ವಿವೇಕದಿಂದ ಇತರರಿಗೆ ಬಿಟ್ಟನು. ಅವನ ಅನುಯಾಯಿಗಳಾದರೋ ಆ ವಿವೇಕವನ್ನು ಮರೆತರು. ಬಿಂಬ ಮೂಡಿತೆಂದಮೇಲೆ ನೋಟ ಮುಕ್ಕಾಲುಪಾಲು ಆದಂತೆಯೇ ಎಂದು ಬಗೆದರು. ಕತ್ತರಿಸಿ ತೆಗೆದ, ಪ್ರಾಣವಿಲ್ಲದ, ಅಲುಗದ ಒಂದು ಎತ್ತಿನ ಕಣ್ಣು ನಾಲ್ಕು ಶತಮಾನಗಳ ಕಾಲ ದೃಷ್ಟಿಯ ಪ್ರತಿಮೆಯಾಗಿ ಕುಳಿತಿತು. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ನಿಜ. ಆದರೆ ಕಣ್ಣೇ ಹೊರಡುತ್ತದೆ, ತಿರುಗುತ್ತದೆ, ಅರಸುತ್ತದೆ ಎಂಬುದು ಆ ಪ್ರತಿಮೆಯ ಪೂಜೆಯಲ್ಲಿ ಕಣ್ಮರೆಯಾಯಿತು.

ಜೀವಂತವಾದ ಕಣ್ಣಿನ ಕಡೆಗೆ ತಿರುಗಿದರೆ ಕಾಣುವುದೇನು? ಮನುಷ್ಯನ ಒಂದು ಅಕ್ಷಿಪಟಲದಲ್ಲಿ ಮಸುಕು ಬೆಳಕಿಗೆ ಮೀಸಲಾದ ದಂಡಕೋಶಗಳು ಸುಮಾರು ೧೨ ಕೋಟಿ, ಬಣ್ಣವನ್ನೂ ಸೂಕ್ಷ್ಮವನ್ನೂ ಅರಿಯುವ ಶಂಕುಕೋಶಗಳು ಸುಮಾರು ೬೦ ಲಕ್ಷ; ಅಲ್ಲಿಂದ ಮಿದುಳಿಗೆ ಹೋಗುವ ನರತಂತುಗಳಾದರೋ ಹತ್ತು ಲಕ್ಷದ ಆಸುಪಾಸು. ನೂರಕ್ಕೂ ಹೆಚ್ಚು ಕೋಶಗಳ ಸುದ್ದಿಯು ಒಂದು ತಂತುವಿನಲ್ಲಿ ಅಡಗಬೇಕೆಂದಮೇಲೆ ಅಲ್ಲಿ ಚಿತ್ರವನ್ನು ಇದ್ದಂತೆಯೇ ಸಾಗಿಸುವ ಮಾತೇ ಇಲ್ಲ. ಅಕ್ಷಿಪಟಲವು ಸಾಗಿಸುವುದು ವ್ಯತ್ಯಾಸವನ್ನು: ನೆರೆಯ ಕೋಶಕ್ಕಿಂತ ಎಷ್ಟು ಬೇರೆ, ಹಿಂದಿನ ಕ್ಷಣಕ್ಕಿಂತ ಎಷ್ಟು ಬೇರೆ ಎಂಬುದನ್ನು. ಹಾರ್ಟ್‌ಲೈನರು ಕುದುರೆಲಾಳದ ಆಕಾರದ ಕಡಲೇಡಿಯ ಕಣ್ಣಿನಲ್ಲಿ ಒಂದು ಕೋಶವು ತನ್ನ ನೆರೆಯ ಕೋಶಗಳನ್ನು ಅಡಗಿಸುವ ಕ್ರಮವನ್ನು ಕಂಡುಹಿಡಿದು ೧೯೬೭ರಲ್ಲಿ ನೊಬೆಲ್ ಬಹುಮಾನದ ಪಾಲು ಪಡೆದರು. ೧೯೫೯ರಲ್ಲಿ ಲೆಟ್‌ವಿನ್, ಮತುರಾನಾ, ಮೆಕಲಕ್, ಪಿಟ್ಸ್ ಈ ನಾಲ್ವರು ಕಪ್ಪೆಯ ಕಣ್ಣನ್ನು ಪರೀಕ್ಷಿಸಿ, ಅದರ ಅಕ್ಷಿಪಟಲವೇ ಅಂಚನ್ನು, ಚಲಿಸುವ ಪುಟ್ಟ ಕರಿಯ ಚುಕ್ಕೆಯನ್ನು, ಹಠಾತ್ತಾಗಿ ಕವಿದ ನೆರಳನ್ನು ಬೇರೆಬೇರೆಯಾಗಿ ಆರಿಸಿಕೊಂಡು ಮಿದುಳಿಗೆ ತಿಳಿಸುತ್ತದೆಂದು ತೋರಿಸಿದರು. ಅಲುಗದ ಆಹಾರ ಸುತ್ತಲೂ ಬಿದ್ದಿದ್ದರೂ ಕಪ್ಪೆ ಉಪವಾಸವಿದ್ದೀತು. ಇದನ್ನು ಕಪ್ಪೆಯ ಮಂದತನವೆಂದು ತಳ್ಳಿಹಾಕುವವರು ತಮ್ಮ ಕಣ್ಣಿನ ವಿಷಯವನ್ನು ಅರಿಯರು. ಬಿಂಬವು ಅಕ್ಷಿಪಟಲದ ಮೇಲೆ ಒಂದಿನಿತೂ ಜರುಗದಂತೆ ಉಪಕರಣವೊಂದರಿಂದ ನಿಲ್ಲಿಸಿದರೆ ಮನುಷ್ಯನಿಗೆ ಕೂಡ ಆ ಬಿಂಬವು ಕೆಲವೇ ಸೆಕೆಂಡುಗಳಲ್ಲಿ ಮಾಸಿ ಅಳಿದುಹೋಗುತ್ತದೆ. ಇದನ್ನು ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗರು ೧೯೫೨ರಲ್ಲಿ, ಅನಂತರ ರಷ್ಯದ ಯಾರ್ಬಸ್ಸರು ಕಣ್ಣಾಲಿಗೇ ಅಂಟಿಸಿದ ಪುಟ್ಟ ಸಾಧನಗಳಿಂದ, ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸಿದರು. ನಾವು ದಿಟ್ಟಿಸಿ ನೋಡುತ್ತಿದ್ದೇವೆಂದು ಭಾವಿಸುವಾಗಲೂ ಕಣ್ಣು ಸಣ್ಣಗೆ ನಡುಗುತ್ತಲೇ ಇರುತ್ತದೆ. ಆ ನಡುಕವೇ ನಮ್ಮ ನೋಟವನ್ನು ಉಳಿಸಿರುವುದು. ಕ್ಯಾಮೆರಾ ತಯಾರಿಸುವವನು ನಡುಕವನ್ನು ಶತ್ರುವೆಂದು ತಿಳಿದು ಅದನ್ನು ಹೋಗಲಾಡಿಸಲು ಶ್ರಮಿಸುತ್ತಾನೆ. ಸೃಷ್ಟಿಯು ಅದನ್ನು ಸಾಧನವನ್ನಾಗಿ ಮಾಡಿಕೊಂಡಿದೆ.

ಇನ್ನು ಹೊಂದಾಣಿಕೆಯ ವಿಷಯ. ನಡುಹಗಲಿನ ಬಿಸಿಲಿನಿಂದ ಹಳೆಯ ಕಾಲದ ಮನೆಯ ಕತ್ತಲೆಕೋಣೆಗೆ ಹೊಕ್ಕವನು ಮೊದಲು ಏನೂ ಕಾಣದೆ ಗೋಡೆ ತಡವುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಮೂಲೆಯ ಕೊಪ್ಪರಿಗೆ, ಅಟ್ಟದ ಏಣಿ, ಕಿಟಕಿಯ ಸರಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಪಾಪೆ ಹಿಗ್ಗಿತು, ಆದಕಾರಣ ಕಂಡಿತು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಪಾಪೆಯ ವ್ಯಾಸವು ಎರಡು ಮಿಲಿಮೀಟರಿನಿಂದ ಎಂಟಕ್ಕೆ ಬೆಳೆದೀತು. ಒಳಬರುವ ಬೆಳಕು ಹದಿನಾರು ಪಟ್ಟು ಹೆಚ್ಚೀತು, ಅಷ್ಟೆ. ನಕ್ಷತ್ರಗಳ ಬೆಳಕಿಗೂ ಸೂರ್ಯನ ಬೆಳಕಿಗೂ ಇರುವ ಅಂತರವು ಕೋಟಿಗಟ್ಟಲೆ ಪಟ್ಟಿನದು. ಮಿಕ್ಕ ಭಾರವನ್ನೆಲ್ಲ ಹೊರುವುದು ಅಕ್ಷಿಪಟಲ: ಅದರ ಪ್ರತಿಯೊಂದು ಕೋಶವೂ ತನ್ನ ಸುತ್ತಲಿನ ಸರಾಸರಿ ಬೆಳಕನ್ನು ಅಳೆದು ಅದಕ್ಕೆ ತಕ್ಕಂತೆ ತನ್ನ ಚುರುಕನ್ನು ಏರಿಸಿ ಇಳಿಸಿಕೊಳ್ಳುತ್ತದೆ, ದಂಡಕೋಶಗಳು ಬೆಳಕಿನಲ್ಲಿ ಬಿಳಿಚಿದ ತಮ್ಮ ವರ್ಣದ್ರವ್ಯವನ್ನು ಅರ್ಧಗಂಟೆಯಷ್ಟು ಕಾಲ ಪುನಃ ತುಂಬಿಕೊಳ್ಳುತ್ತವೆ. ಈ ತಿದ್ದುಪಾಟು ಸ್ಥಳಸ್ಥಳಕ್ಕೂ ಬೇರೆ ಎಂಬುದೇ ಇಲ್ಲಿಯ ಮುಖ್ಯವಾದ ಅಂಶ. ಸಾಮಾನ್ಯ ಕ್ಯಾಮೆರಾ ಇಡೀ ಚಿತ್ರಕ್ಕೆ ಒಂದೇ ಅವಧಿಯನ್ನು ಗೊತ್ತುಮಾಡುತ್ತದೆ. ಕಿಟಕಿಗೆ ಸರಿಹೋದರೆ ಕೋಣೆ ಕಪ್ಪಾಗುತ್ತದೆ, ಕೋಣೆಗೆ ಸರಿಹೋದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಸುಟ್ಟುಹೋದ ಆ ಭಾಗದಲ್ಲಿ ಏನಿತ್ತೆಂಬುದನ್ನು ಎಷ್ಟು ದೊಡ್ಡ ನರಜಾಲವೂ ಹೇಳಲಾರದು. ಊಹಿಸಬಹುದು, ಊಹೆ ತಪ್ಪಲೂಬಹುದು. ಪಿಕ್ಸೆಲುಗಳ ಸಂಖ್ಯೆ ಈ ರೋಗಕ್ಕೆ ಔಷಧವೇ ಅಲ್ಲ.

ಪೂರ್ವಪಕ್ಷದವರು ಜೀವಶಾಸ್ತ್ರದ ಹಂಗು ತಮಗಿಲ್ಲವೆಂದು ಹೇಳಿಕೊಳ್ಳುವರಷ್ಟೆ. ಅವರ ನರಜಾಲದ ವಂಶಾವಳಿಯನ್ನು ವಿಚಾರಿಸೋಣ. ಹ್ಯೂಬೆಲ್ ಮತ್ತು ವೀಸೆಲರು ೧೯೫೯ರಲ್ಲಿಯೂ ೧೯೬೨ರಲ್ಲಿಯೂ ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ನಿರ್ದಿಷ್ಟ ಓರೆಯ ಗೆರೆಗೆ ಮಾತ್ರ ಸ್ಪಂದಿಸುವ ಕೋಶಗಳನ್ನು ಕಂಡು, ಸರಳ ಕೋಶಗಳ ಮೇಲೆ ಸಂಕೀರ್ಣ ಕೋಶಗಳು ಅಂತಸ್ತಂತಸ್ತಾಗಿ ನಿಂತಿವೆಯೆಂದು ನಿರೂಪಿಸಿದರು. ೧೯೮೧ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಅದರ ಹಿಂದಿನ ವರ್ಷವೇ ಜಪಾನಿನ ಕುನಿಹಿಕೋ ಫುಕುಶಿಮಾ ಅವರು ಆ ಅಂತಸ್ತುಗಳನ್ನು ಅನುಸರಿಸಿ ನಿಯೋಕಾಗ್ನಿಟ್ರಾನ್ ಎಂಬ ಜಾಲವನ್ನು ರಚಿಸಿದ್ದರು. ಇಂದಿನ ಚಿತ್ರಜಾಲಗಳಲ್ಲಿ ಅನೇಕವು ಆ ಬೀಜದ ಸಂತಾನ. ಬೆಕ್ಕಿನ ಋಣ ಹೀಗಿದೆ. ಆದರೆ ಯಾವ ಬೆಕ್ಕು? ಅರಿವಳಿಕೆ ಕೊಟ್ಟು ಮಲಗಿಸಿ, ಕಣ್ಣುಗಳು ಅತ್ತಿತ್ತ ಹೊರಳದಂತೆ ಸ್ನಾಯುಗಳನ್ನು ಔಷಧದಿಂದ ನಿಶ್ಚಲಗೊಳಿಸಿ, ಎದುರಿನ ಪರದೆಯ ಮೇಲೆ ಗೆರೆಗಳನ್ನು ಆಡಿಸಿ ಪರೀಕ್ಷಿಸಿದ ಬೆಕ್ಕು. ಒಂದು ಕೋಶದ ಸ್ವಭಾವವನ್ನು ಶುದ್ಧವಾಗಿ ಅಳೆಯಬೇಕಾಗಿದ್ದ ಆ ಮಹನೀಯರಿಗೆ ಅದು ಅನಿವಾರ್ಯವಾಗಿತ್ತು, ಅವರನ್ನು ದೂರಲಾಗದು. ಆ ಮಿತಿಯನ್ನೇ ದೃಷ್ಟಿಯ ಲಕ್ಷಣವೆಂದು ಎತ್ತಿಕೊಂಡವರದು ತಪ್ಪು. ಅಲುಗದ ಕಣ್ಣು, ಎಚ್ಚರವಿಲ್ಲದ ಮೈ, ಎದುರಿಗೆ ಪರದೆ: ನಮ್ಮ ರೋಬಾಟುಗಳ ದೃಷ್ಟಿಯು ಇಂದಿಗೂ ಆ ಪ್ರಯೋಗಶಾಲೆಯ ಹಾಸಿಗೆಯ ಮೇಲೆಯೇ ಮಲಗಿದೆ. ೨೦೧೮ರಲ್ಲಿ ಅಮೆರಿಕೆಯ ಸಂಶೋಧಕರು ನಿಲ್ಲು ಎಂಬ ಸಂಚಾರಫಲಕದ ಮೇಲೆ ಕಪ್ಪುಬಿಳುಪಿನ ನಾಲ್ಕಾರು ಚೀಟಿಗಳನ್ನು ಅಂಟಿಸಿದಾಗ, ಅಂಥ ಜಾಲವೊಂದು ಅದನ್ನು ೪೫ ಮೈಲಿಯ ವೇಗಮಿತಿಯ ಫಲಕವೆಂದು ಓದಿತು. ಫಲಕದ ಬಳಿ ಸಾಗುತ್ತ, ಓರೆಯಿಂದ ನೋಡುತ್ತ, ಇದೇನೋ ಸಂದೇಹವಾಗಿದೆಯಲ್ಲ ಎಂದು ದಿಟ್ಟಿಯನ್ನು ಅಲ್ಲಿಗೇ ಮರಳಿಸುವ ಪದ್ಧತಿಯೇ ಅದಕ್ಕಿರಲಿಲ್ಲ.

ರೋಬಾಟಿಗೆ ಕಣ್ಣು ಜೋಡಿಸುವ ಯಾವ ಪ್ರಯೋಗಶಾಲೆಗೆ ಹೋದರೂ ಒಂದು ದೃಶ್ಯವನ್ನು ಕಾಣಬಹುದು. ವಿದ್ಯಾರ್ಥಿಯೊಬ್ಬನು ಚದುರಂಗದ ಮಣೆಯಂತೆ ಕಪ್ಪುಬಿಳುಪು ಚೌಕಗಳನ್ನು ಅಚ್ಚುಹಾಕಿದ ಹಲಗೆಯೊಂದನ್ನು ಎರಡು ಕ್ಯಾಮೆರಾಗಳ ಎದುರಿಗೆ ಹಿಡಿದು, ಮೇಲಕ್ಕೆ ಕೆಳಕ್ಕೆ, ಓರೆಗೆ ವಾಲಿಸಿ, ಹತ್ತಿಪ್ಪತ್ತು ಸಲ ಚಿತ್ರ ತೆಗೆಸುತ್ತಾನೆ. ಚೌಕಗಳ ಮೂಲೆಗಳನ್ನು ಎಣಿಸಿ ಗಣಕವು ಮಸೂರದ ನಾಭಿದೂರ, ಅದರ ಅಂಚಿನ ವಕ್ರತೆ, ಎರಡು ಕ್ಯಾಮೆರಾಗಳ ನಡುವಣ ದೂರ, ಒಂದಕ್ಕೊಂದು ಇರುವ ಓರೆ ಇವುಗಳನ್ನೆಲ್ಲ ದಶಮಾಂಶಗಳವರೆಗೆ ಲೆಕ್ಕ ಹಾಕಿ ಒಂದು ಕಡತದಲ್ಲಿ ಬರೆದಿಡುತ್ತದೆ. ಅನಂತರ ತಿರುಪುಗಳಿಗೆ ಅಂಟು ಹಚ್ಚಿ ಬಿಗಿಯುತ್ತಾರೆ. ಯಾರೂ ಮುಟ್ಟಬೇಡಿರೆಂದು ಚೀಟಿ ಅಂಟಿಸುತ್ತಾರೆ. ಯಂತ್ರವು ಬಿಸಿಲಿಗೆ ಹೋಗಿ ಲೋಹ ಹಿಗ್ಗಿದರೆ, ಗುಂಡಿಗೆ ಇಳಿದು ಕ್ಯಾಮೆರಾ ಕೂದಲೆಳೆಯಷ್ಟು ಜರುಗಿದರೆ, ಕಡತದ ಅಂಕಿಗಳು ಸುಳ್ಳಾಗುತ್ತವೆ. ಸುಳ್ಳಾದವೆಂಬುದು ಅನೇಕ ಯಂತ್ರಗಳಿಗೆ ತಿಳಿಯುವುದೇ ಇಲ್ಲ. ನಡೆಯುತ್ತಲೇ ತನ್ನ ಅಳತೆಯನ್ನು ತಾನೇ ಸರಿಪಡಿಸಿಕೊಳ್ಳುವ ವಿಧಾನಗಳು ವಿದ್ವತ್ಪತ್ರಿಕೆಗಳಲ್ಲಿ ಇಲ್ಲವೆಂದಲ್ಲ. ಅವುಗಳನ್ನು ಅಲಂಕಾರವೆಂದು ಬಗೆದು ಬದಿಗಿಡುವ ಮನೋಭಾವವನ್ನು ನಾನು ಆಕ್ಷೇಪಿಸುತ್ತಿರುವುದು. ಜೀವಿಯ ಮಾತು ಬೇರೆ. ೧೮೯೭ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ಸ್ಟ್ರಾಟನ್ನರು ಜಗತ್ತನ್ನು ತಲೆಕೆಳಗಾಗಿ ತೋರಿಸುವ ಮಸೂರವನ್ನು ಎಂಟು ದಿನ ಧರಿಸಿದ್ದರು. ಮೊದಲು ತಪ್ಪು ಕಡೆಗೆ ಚಾಚುತ್ತಿದ್ದ ಕೈ ದಿನ ಕಳೆದಂತೆ ಸರಿಯಾದ ಕಡೆಗೇ ಚಾಚಿತು. ಬಾಲ್ಯದಿಂದ ಮುಪ್ಪಿನವರೆಗೆ ತಲೆಬುರುಡೆ ಬೆಳೆಯುತ್ತದೆ, ಮಸೂರ ಗಡುಸಾಗುತ್ತದೆ, ಕನ್ನಡಕ ಬರುತ್ತದೆ. ಯಾರೂ ನಮ್ಮ ಮುಂದೆ ಚೌಕಳಿಯ ಹಲಗೆಯನ್ನು ಹಿಡಿಯುವುದಿಲ್ಲ.

ಈ ತಿದ್ದುಪಾಟಿಗೆ ಕೈಕಾಲಾಡಿಸುವುದೇ ಪಾಠವೆಂಬುದನ್ನು ಹೆಲ್ಡ್ ಮತ್ತು ಹೈನರು ೧೯೬೩ರಲ್ಲಿ ಬೆಕ್ಕಿನ ಮರಿಗಳಿಂದ ತೋರಿಸಿದರು. ಕತ್ತಲೆಯಲ್ಲಿ ಬೆಳೆದ ಎರಡು ಮರಿಗಳನ್ನು ತಿರುಗುವ ಒಂದು ತೊಲೆಯ ಎರಡು ತುದಿಗಳಿಗೆ ಕಟ್ಟಿದ್ದಿತು. ಒಂದು ಮರಿ ತನ್ನ ಕಾಲಿನಿಂದ ನಡೆಯಿತು, ಇನ್ನೊಂದು ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕುಳಿತು ಅದರ ನಡಿಗೆಯಿಂದಲೇ ಸುತ್ತಿತು. ಎರಡಕ್ಕೂ ಕಂಡ ದೃಶ್ಯ ಒಂದೇ. ಹೊರಬಿಟ್ಟಾಗ ನಡೆದ ಮರಿ ಆಳವನ್ನು ಕಂಡು ಹಿಂಜರಿಯಿತು, ನೆಲ ಸಮೀಪಿಸಿದಾಗ ಪಾದ ಚಾಚಿತು. ಕುಳಿತ ಮರಿಗೆ ಇವೆರಡೂ ತಿಳಿಯಲಿಲ್ಲ. ಅದನ್ನು ಬೆಳಕಿನಲ್ಲಿ ಎರಡು ದಿನ ಸ್ವೇಚ್ಛೆಯಾಗಿ ಓಡಾಡಬಿಟ್ಟ ಮೇಲೆ ಅದಕ್ಕೂ ಬಂದಿತು. ಚಿತ್ರಗಳನ್ನು ಇನ್ನಷ್ಟು ಉಣಿಸಿರೆಂದು ಹೇಳುವವರು ಈ ಎರಡನೆಯ ಮರಿಯ ವಿಷಯದಲ್ಲಿ ಏನು ಹೇಳುವರೋ ಕೇಳಬೇಕಾಗಿದೆ.

ಚಿತ್ರಗಳ ಸರವನ್ನು ನೆಚ್ಚಿದ ಯಂತ್ರಕ್ಕೆ ಎಂಥ ಗಂಡಾಂತರ ಒದಗಬಹುದೆಂಬುದಕ್ಕೆ ಮಂಗಳಗ್ರಹದಿಂದ ಒಂದು ನಿದರ್ಶನವುಂಟು. ನಾಸಾ ಸಂಸ್ಥೆಯವರ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರು, ಕೆಳಮುಖವಾದ ಒಂದು ಕ್ಯಾಮೆರಾದಿಂದ ಸೆಕೆಂಡಿಗೆ ೩೦ ಚಿತ್ರಗಳನ್ನು ತೆಗೆದು, ಪ್ರತಿಯೊಂದಕ್ಕೂ ಕಾಲದ ಮುದ್ರೆ ಒತ್ತಿ, ನೆಲದ ಗುರುತುಗಳು ಎಲ್ಲಿರಬೇಕಾಗಿತ್ತು, ಎಲ್ಲಿ ಇವೆ ಎಂದು ಹೋಲಿಸಿ ತನ್ನ ಗತಿಯನ್ನು ಸರಿಪಡಿಸಿಕೊಳ್ಳುತ್ತಿತ್ತು. ೨೦೨೧ರ ಮೇ ೨೨ರಂದು ಅದರ ಆರನೆಯ ಹಾರಾಟ. ೧೦ ಮೀಟರು ಎತ್ತರದಲ್ಲಿ ೧೫೦ ಮೀಟರು ದೂರದ ಮೊದಲ ಘಟ್ಟವು ಮುಗಿಯಬಂದಿತ್ತು. ಹೊರಟು ಸುಮಾರು ೫೪ ಸೆಕೆಂಡು ಆಗಿದ್ದಾಗ ಒಂದೇ ಒಂದು ಚಿತ್ರ ದಾರಿಯಲ್ಲಿ ಕಳೆದುಹೋಯಿತು. ಕಳೆದುದು ಒಂದಾದರೂ ಅದರ ಮುಂದಿನ ಚಿತ್ರಗಳಿಗೆಲ್ಲ ತಪ್ಪು ಕಾಲದ ಮುದ್ರೆ ಬಿದ್ದಿತು. ಇಲ್ಲದ ದೋಷವನ್ನು ಇದೆಯೆಂದು ಎಣಿಸಿ ಯಂತ್ರವು ಅತ್ತಲೂ ಇತ್ತಲೂ ವಾಲಿ, ೨೦ ಡಿಗ್ರಿಗೂ ಮೀರಿ ಓಲಾಡುತ್ತ, ವಿದ್ಯುತ್ತನ್ನು ಎರ್ರಾಬಿರ್ರಿಯಾಗಿ ಸೆಳೆಯುತ್ತ ಸಾಗಿತು. ಇಳಿಯುವ ಕಡೆಯ ಹಂತದಲ್ಲಿ ಕ್ಯಾಮೆರಾವನ್ನು ನಂಬದಿರುವಂತೆ ಶಿಲ್ಪಿಗಳು ಮುಂಚೆಯೇ ಏರ್ಪಡಿಸಿದ್ದುದರಿಂದಲೂ ಸ್ಥಿರತೆಗೆ ಧಾರಾಳವಾದ ಅವಕಾಶ ಬಿಟ್ಟಿದ್ದುದರಿಂದಲೂ ಅದು ಕ್ಷೇಮವಾಗಿ ನೆಲ ಮುಟ್ಟಿತು. ಐದು ಹಾರಾಟಗಳ ಸಲುವಾಗಿ ಕಟ್ಟಿದ ಆ ಯಂತ್ರವು ೭೨ ಸಲ ಹಾರಿತೆಂಬುದು ಅದರ ನಿರ್ಮಾಪಕರಿಗೆ ಶಾಶ್ವತವಾದ ಕೀರ್ತಿ. ೨೦೨೪ರ ಜನವರಿ ೧೮ರ ಕಡೆಯ ಹಾರಾಟದಲ್ಲಿ ಗುರುತುಗಳಿಲ್ಲದ ಮರಳುದಿಣ್ಣೆಯ ಮೇಲೆ ಅದು ದಾರಿತಪ್ಪಿ ರೆಕ್ಕೆಗಳನ್ನು ಮುರಿದುಕೊಂಡುದನ್ನು ಮಾತ್ರ ನಾನು ನನ್ನ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುವುದಿಲ್ಲ. ಕನ್ನಡಿಯಂತೆ ನಿಶ್ಚಲವಾದ ನೀರಿನ ಮೇಲೆ ಹಾರುವ ಜೇನ್ನೊಣವೂ ಎತ್ತರದ ಅಂದಾಜು ತಪ್ಪಿ ಕೆಳಗಿಳಿದುಹೋಗುತ್ತದೆಂದು ಬಲ್ಲವರು ಬರೆದಿದ್ದಾರೆ. ಗುರುತೇ ಇಲ್ಲದೆಡೆ ಯಾವ ಕಣ್ಣೂ ಸೋಲುತ್ತದೆ. ಆರನೆಯ ಹಾರಾಟದ ಸೋಲು ಆ ಜಾತಿಯದಲ್ಲ. ಅಲ್ಲಿ ನೆಲ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಲವನ್ನು ತುಂಡುತುಂಡಾಗಿ ಕತ್ತರಿಸಿ ಮುದ್ರೆ ಒತ್ತುವ ಪದ್ಧತಿಯೇ ಅದನ್ನು ಕುರುಡು ಮಾಡಿತು.

ಜೇನ್ನೊಣದ ಪ್ರಸ್ತಾಪ ಬಂದುದರಿಂದ ಅದನ್ನು ಇನ್ನಷ್ಟು ವಿಚಾರಿಸಬೇಕು. ಅದರ ಒಂದೊಂದು ಕಣ್ಣಿನಲ್ಲಿ ಇರುವ ಪುಟ್ಟ ಮಸೂರಗಳು ಸುಮಾರು ೫,೦೦೦. ಮಿದುಳಿನ ಕೋಶಗಳು ಹತ್ತು ಲಕ್ಷದ ಒಳಗೆ. ಮಿದುಳಿನ ತೂಕ ಒಂದು ಮಿಲಿಗ್ರಾಮಿನ ಆಸುಪಾಸು. ಕಿಸೆಯ ಫೋನಿನ ಕ್ಯಾಮೆರಾದಲ್ಲಿ ಕೋಟಿಗೆ ಮೀರಿದ ಪಿಕ್ಸೆಲುಗಳಿರುವಾಗ ಈ ಬಡ ಕಣ್ಣಿನಿಂದ ಆ ಕೀಟವು ಕೊಂಬೆಗಳ ನಡುವೆ ನುಸುಳಿ, ಗಾಳಿಗೆ ತೂಗುವ ಹೂವಿನ ಮೇಲೆ ಇಳಿದು, ಮೈಲಿಗಳಾಚೆಯ ಗೂಡಿಗೆ ಮರಳುವುದು ಹೇಗೆ? ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ನರು ಈ ಪ್ರಶ್ನೆಗೆ ಬಾಳನ್ನೇ ಮುಡಿಪಾಗಿಟ್ಟರು. ಗೆರೆಗಳ ಕಾಗದ ಹಚ್ಚಿದ ಎರಡು ಗೋಡೆಗಳ ನಡುವೆ ಹಾರುವ ನೊಣವು ನಟ್ಟನಡುವಿನಲ್ಲಿಯೇ ಸಾಗುತ್ತದೆ. ಒಂದು ಗೋಡೆಯ ಗೆರೆಗಳನ್ನು ಅದು ಹಾರುವ ದಿಕ್ಕಿಗೇ ಸರಿಸಿದರೆ ಅದು ಆ ಗೋಡೆಯ ಹತ್ತಿರಕ್ಕೆ ಸರಿಯುತ್ತದೆ. ದೂರವನ್ನು ಅದು ಅಳೆಯುತ್ತಿಲ್ಲ. ಎಡಬಲದ ಕಣ್ಣುಗಳಲ್ಲಿ ದೃಶ್ಯ ಹರಿಯುವ ವೇಗವನ್ನು ಸಮತೂಗಿಸುತ್ತಿದೆ. ಇಳಿಯುವಾಗ ನೆಲದ ಹರಿವಿನ ವೇಗ ಬದಲಾಗದಂತೆ ನೋಡಿಕೊಳ್ಳುತ್ತದೆ. ಎತ್ತರ ಕುಗ್ಗಿದಂತೆ ತನ್ನ ವೇಗವೂ ತಾನಾಗಿ ಕುಗ್ಗಿ, ನೆಲ ಮುಟ್ಟುವ ಹೊತ್ತಿಗೆ ಸೊನ್ನೆಯಾಗುತ್ತದೆ. ಆರು ಮೀಟರು ಚಿಲ್ಲರೆ ಉದ್ದದ ಇಕ್ಕಟ್ಟಾದ ಸುರಂಗದಲ್ಲಿ ಹಾರಿಬಂದ ನೊಣಗಳು, ಹರಿವಿನ ಮೊತ್ತವನ್ನು ಕಂಡು ಮೋಸಹೋಗಿ, ಸುಮಾರು ಇನ್ನೂರು ಮೀಟರು ಹೋಗಿಬಂದಂತೆ ಗೂಡಿನಲ್ಲಿ ಕುಣಿದವೆಂದು ಅವರೂ ಅವರ ಸಹೋದ್ಯೋಗಿಗಳೂ ೨೦೦೦ದಲ್ಲಿ ಪ್ರಕಟಿಸಿದರು. ಚಿತ್ರವಿಲ್ಲ, ವಸ್ತುವಿನ ಹೆಸರಿಲ್ಲ, ಆಳದ ನಕ್ಷೆಯಿಲ್ಲ. ಚಲನೆಯೂ ಅದಕ್ಕೆ ಕಟ್ಟಿದ ತಿದ್ದುಪಾಟೂ ಮಾತ್ರ ಇವೆ. ಈ ಸೂತ್ರಗಳನ್ನೇ ಅಳವಡಿಸಿದ ಚಕ್ರದ ಬಂಡಿಗಳೂ ಹಾರುವ ಯಂತ್ರಗಳೂ ಅವರ ಶಾಲೆಯಿಂದ ಹೊರಬಂದುವು. ಇದಕ್ಕೆ ಎದುರಾಗಿ, ೧೯೭೯ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹ್ಯಾನ್ಸ್ ಮೊರಾವೆಕ್ಕರ ಬಂಡಿಯು ಪ್ರತಿ ಮೀಟರಿಗೂ ನಿಂತು, ಚಿತ್ರಗಳನ್ನು ತೆಗೆದು, ಜಗತ್ತಿನ ಮಾದರಿಯನ್ನು ಒಳಗೆ ಕಟ್ಟಿಕೊಂಡು, ಕುರ್ಚಿಗಳನ್ನು ಹರಡಿದ್ದ ೨೦ ಮೀಟರು ಕೋಣೆಯನ್ನು ದಾಟಲು ಸುಮಾರು ಐದು ಗಂಟೆ ತೆಗೆದುಕೊಂಡಿತು. ಗಣಕಗಳು ಅಂದಿಗಿಂತ ಲಕ್ಷಾಂತರ ಪಟ್ಟು ವೇಗವಾಗಿ ಆ ಐದು ಗಂಟೆ ಈಗ ಕ್ಷಣಗಳಾಗಿರಬಹುದು. ಮಾರ್ಗ ಅದೇ, ವ್ಯಯ ಮಾತ್ರ ಮರೆಯಾಗಿದೆ.

ಬೇರೆ ಮಾರ್ಗವೊಂದು ಇಲ್ಲದಿಲ್ಲ. ೧೯೮೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ಕಿನಲ್ಲಿ ಕಾರ್ವರ್ ಮೀಡ್ ಮತ್ತು ಅವರ ಶಿಷ್ಯೆ ಮಿಶಾ ಮಹೊವಾಲ್ಡ್ ಅವರು ಸಿಲಿಕಾನ್ ಚಿಪ್ಪಿನ ಮೇಲೆಯೇ ಒಂದು ಅಕ್ಷಿಪಟಲವನ್ನು ನಿರ್ಮಿಸಿದರು. ಅದರ ಪ್ರತಿಯೊಂದು ಬಿಂದುವೂ ನೆರೆಹೊರೆಯ ಸರಾಸರಿಯಿಂದ ತಾನೆಷ್ಟು ಬೇರೆಯೆಂಬುದನ್ನೇ ಹೇಳುತ್ತಿತ್ತು. ಮೀಡರ ಇನ್ನೊಬ್ಬ ಶಿಷ್ಯ ಟೋಬಿ ಡೆಲ್‌ಬ್ರೂಕ್ ಮತ್ತು ಸಂಗಡಿಗರು ಜ್ಯೂರಿಚ್ಚಿನಲ್ಲಿ ರೂಪಿಸಿ ೨೦೦೮ರಲ್ಲಿ ವರದಿಮಾಡಿದ ಸಂವೇದಕದಲ್ಲಿ ಫ್ರೇಮುಗಳೇ, ಅಂದರೆ ಒಂದೊಂದಾಗಿ ತೆಗೆದ ಇಡಿಯ ಚಿತ್ರಗಳೇ, ಇಲ್ಲ. ೧೨೮ಕ್ಕೆ ೧೨೮ ಬಿಂದುಗಳ ಆ ಚಿಪ್ಪಿನಲ್ಲಿ ಪ್ರತಿ ಬಿಂದುವೂ ತನ್ನ ಮೇಲೆ ಬಿದ್ದ ಬೆಳಕು ಗೊತ್ತಾದ ಪ್ರಮಾಣಕ್ಕಿಂತ ಹೆಚ್ಚು ಬದಲಾದಾಗ ಮಾತ್ರ, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ, ಸುದ್ದಿ ಕಳುಹಿಸುತ್ತದೆ. ಮಂದವಾದುದಕ್ಕೂ ಪ್ರಖರವಾದುದಕ್ಕೂ ನಡುವೆ ಹತ್ತು ಲಕ್ಷ ಪಟ್ಟಿನ ಅಂತರವಿದ್ದರೂ ಅದಕ್ಕೆ ಕಣ್ಣು ಕತ್ತಲಿಡುವುದಿಲ್ಲ. ಒಂದು ಸುದ್ದಿ ಕಳೆದರೆ ಮಿಕ್ಕವುಗಳ ಕಾಲ ಕೆಡುವುದೂ ಇಲ್ಲ. ನಿಶ್ಚಲವಾದ ದೃಶ್ಯದ ಮುಂದೆ ಇದು ಕುರುಡಾಗುತ್ತದೆಂದು ಪ್ರತಿವಾದಿಗಳು ನಗುತ್ತಾರೆ. ಕುರುಡಾಗುವುದು ನಿಜ, ನಮ್ಮ ಕಣ್ಣೂ ಹಾಗೆಯೇ ಕುರುಡಾಗುವುದೆಂದು ಮೇಲೆ ಹೇಳಿದೆನಷ್ಟೆ. ಕಣ್ಣು ಕಂಡುಕೊಂಡ ಪರಿಹಾರವನ್ನೇ ಯಂತ್ರಕ್ಕೂ ಕೊಡಬಹುದೆಂದು ೨೦೨೪ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ತೋರಿಸಿದರು: ಸಂವೇದಕದ ಮುಂದೆ ಬೆಣೆಯಾಕಾರದ ಗಾಜೊಂದನ್ನು ತಿರುಗಿಸುತ್ತ ಬಿಂಬವನ್ನು ಸದಾ ಸಣ್ಣಗೆ ಸುತ್ತಿಸಿ, ಅಂಚುಗಳು ಮಾಸದಂತೆ ಮಾಡಿದರು. ನೋಟವು ಕ್ರಿಯೆಯೆಂಬ ವಾದವನ್ನು ೧೯೮೦ರ ದಶಕದಲ್ಲಿಯೇ ಎತ್ತಿದ ಅಲೊಯ್ಮೊನೋಸ್ ಅವರು ಈ ಕಾರ್ಯದಲ್ಲಿಯೂ ಇದ್ದರೆಂಬುದು ಸಂತೋಷದ ಸಂಗತಿ. ಹಾಗೆಂದು ಜೀವಪ್ರೇರಿತವೆಂಬ ಹಣೆಪಟ್ಟಿ ಹೊತ್ತುದೆಲ್ಲ ಪೂಜ್ಯವೆಂದು ನಾನು ಹೇಳುತ್ತಿಲ್ಲ. ಇಂಥ ಸಂವೇದಕದ ಸುದ್ದಿಗಳನ್ನು ಪುನಃ ಗುಡ್ಡೆಹಾಕಿ ಫ್ರೇಮುಗಳನ್ನು ಮಾಡಿ ಹಳೆಯ ಜಾಲಕ್ಕೇ ಉಣಿಸುವವರು ಪ್ರಾಣಿಯಿಂದ ಹೆಸರನ್ನು ಮಾತ್ರ ಎರವಲು ಪಡೆದವರು.

ವಿಮಾನವು ರೆಕ್ಕೆ ಬಡಿಯುವುದಿಲ್ಲ, ಆದರೂ ಹಾರುತ್ತದೆ ಎಂಬ ಮಾತನ್ನು ಪ್ರತಿವಾದಿಗಳು ಬ್ರಹ್ಮಾಸ್ತ್ರದಂತೆ ಪ್ರಯೋಗಿಸುತ್ತಾರೆ. ಇತಿಹಾಸವು ಅವರ ಕಡೆಗಿಲ್ಲ. ರೈಟ್ ಸಹೋದರರಿಗೆ ಮುಂಚಿನವರು ಸೋತುದು ಎಂಜಿನ್ನಿನ ಕೊರತೆಯೊಂದರಿಂದಲೇ ಅಲ್ಲ, ಗಾಳಿಯಲ್ಲಿ ಸಮತೋಲವನ್ನು ಕಾಯ್ದುಕೊಳ್ಳಲಾರದೆ. ಆ ಸಮತೋಲದ ಗುಟ್ಟನ್ನು, ರೆಕ್ಕೆಯ ತುದಿಯನ್ನು ತಿರುಚಿ ಮೈಯನ್ನು ಸರಿಪಡಿಸಿಕೊಳ್ಳುವ ಹದ್ದುಗಳಲ್ಲಿ ಕಂಡುದಾಗಿ ವಿಲ್ಬರ್ ರೈಟನೇ ೧೯೦೦ದಲ್ಲಿ ವಿಮಾನವಿದ್ಯೆಯ ಹಿರಿಯನಾದ ಶಾನೂಟನಿಗೆ ಕಾಗದ ಬರೆದಿದ್ದಾನೆ. ಅವನು ಬಡಿತವನ್ನು ಬಿಟ್ಟನು, ತಿದ್ದುಪಾಟನ್ನು ಹಿಡಿದನು. ನಾವು ಕೇಳುತ್ತಿರುವುದೂ ಅಷ್ಟೇ.

ಉಳಿದಿರುವ ಒಂದು ಆಕ್ಷೇಪಣೆ ಇವೆಲ್ಲಕ್ಕಿಂತ ಗಂಭೀರವಾದುದು. ಅದನ್ನು ಎತ್ತುವವರು ಹೊಣೆಯರಿತ ಶಿಲ್ಪಿಗಳು. ತನ್ನನ್ನು ತಾನೇ ಬದಲಿಸಿಕೊಳ್ಳುವ ಕಣ್ಣನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದೆಂತು? ಇಂದು ಪರೀಕ್ಷಿಸಿದ ಯಂತ್ರವು ನಾಳೆ ಬೇರೆಯಾಗಿರುವುದಲ್ಲವೆ? ಆಸ್ಪತ್ರೆಯಲ್ಲಿಯೋ ಜನ ಓಡಾಡುವ ರಸ್ತೆಯಲ್ಲಿಯೋ ಅಂಥದನ್ನು ಬಿಡುವುದು ಅಪಾಯವಲ್ಲವೆ? ಈ ಭಯ ಸಹಜವಾದುದು. ಆದರೆ ಬದಲಾಗದ ಯಂತ್ರವನ್ನು ಬದಲಾಗುವ ಜಗತ್ತಿನಲ್ಲಿ ಬಿಟ್ಟಾಗಲೂ ಪರೀಕ್ಷೆಯ ದಿನದ ಪ್ರಮಾಣಪತ್ರವು ಮರುದಿನಕ್ಕೆ ಸಲ್ಲುವುದಿಲ್ಲವೆಂಬುದನ್ನು ಅವರು ಗಮನಿಸಬೇಕು. ಮೇಲಾಗಿ, ಪ್ರಾಣಿಗಳಲ್ಲಿ ಈ ತಿದ್ದುಪಾಟು ಲಂಗುಲಗಾಮಿಲ್ಲದ ಸ್ವೇಚ್ಛೆಯಲ್ಲ. ನಾವು ತಲೆಯನ್ನು ಹೊರಳಿಸಿದೊಡನೆ ಒಳಗಿವಿಯ ಸೂಚನೆಯಿಂದ ಕಣ್ಣುಗಳು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಕಾಲದಲ್ಲಿಯೇ ಎದುರುದಿಕ್ಕಿಗೆ ತಿರುಗುತ್ತವೆ, ದೃಶ್ಯ ಕದಡುವುದಿಲ್ಲ. ಈ ತಿರುಗುವಿಕೆ ಎಷ್ಟಿರಬೇಕೆಂಬ ಒಂದು ಪ್ರಮಾಣವನ್ನು ಅನುಮಸ್ತಿಷ್ಕವು ತಿದ್ದುತ್ತಿರುತ್ತದೆ. ತಿದ್ದಲು ಅದಕ್ಕಿರುವ ಆಧಾರ ಒಂದೇ, ತಲೆ ಹೊರಳಿದ ಮೇಲೆ ಅಕ್ಷಿಪಟಲದ ಮೇಲೆ ಬಿಂಬವು ಎಷ್ಟು ಜಾರಿತೆಂಬುದು. ಜಪಾನಿನ ಮಸಾವೋ ಇತೋ ಅವರು ಈ ನರಜೋಡಣೆಯನ್ನು ದಶಕಗಳ ಕಾಲ ಅಭ್ಯಾಸಮಾಡಿದರು. ತಿದ್ದುವ ಪ್ರಮಾಣ ಒಂದು, ದೋಷದ ಸೂಚನೆ ಒಂದು, ಮಿತಿ ಗೊತ್ತಾದದ್ದು. ಹೊಸ ಕನ್ನಡಕ ಧರಿಸಿದವನ ತಲೆಸುತ್ತು ಕೆಲವು ದಿನಗಳಲ್ಲಿ ನಿಲ್ಲುವುದು ಇದರಿಂದಲೇ. ಇಂಥ ತಿದ್ದುಪಾಟನ್ನು ಅಳೆಯಲು ಬರುತ್ತದೆ, ಮಿತಿಗೊಳಿಸಲು ಬರುತ್ತದೆ, ಪರೀಕ್ಷಿಸಲೂ ಬರುತ್ತದೆ. ಆದಕಾರಣ ರೋಬಾಟಿನ ಕಣ್ಣನ್ನು ಪರೀಕ್ಷಿಸುವವರು ಇನ್ನು ಮುಂದೆ ನಿಶ್ಚಲ ಚಿತ್ರಗಳ ಕಟ್ಟನ್ನು ಬದಿಗಿಟ್ಟು, ಯಂತ್ರವು ನಡೆಯುತ್ತಿರುವಾಗಲೇ ಕೋಣೆಯ ದೀಪವನ್ನು ಆರಿಸಲಿ, ಕ್ಯಾಮೆರಾದ ಒಂದು ತಿರುಪನ್ನು ಅರ್ಧ ಸುತ್ತು ಸಡಿಲಿಸಲಿ, ಮಸೂರದ ಮೇಲೆ ಒಂದು ಹನಿ ಎಣ್ಣೆ ಸವರಲಿ. ಅದು ಎಷ್ಟು ಹೊತ್ತಿನಲ್ಲಿ ಚೇತರಿಸಿಕೊಂಡಿತು, ಎಷ್ಟು ದೂರ ತಪ್ಪುದಾರಿ ತುಳಿಯಿತು ಎಂಬುದನ್ನು ಅಳೆದು, ಆ ಎರಡು ಅಂಕಿಗಳನ್ನು ಪಿಕ್ಸೆಲುಗಳ ಸಂಖ್ಯೆಯ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಲಿ.